ಸ್ಟೇ ವೈರು

ಮೂವತ್ತೊಂದು ವರ್ಷ ಕಂಬ ಹತ್ತಿದವನು ನಾನು.
ಕೆ.ಇ.ಬಿ. ಹೋಗಿ ಬೆಸ್ಕಾಂ ಬಂದರೂ ಏಣಿ ಅದೇ.
ಸ್ಟೇ ವೈರು ಅಂದರೆ ನನಗೆ ಗೊತ್ತಿದ್ದದ್ದು ಇಷ್ಟು:
ಏಳೆಳೆಯ ತಂತಿ. ಬಿಗಿದು ಕಟ್ಟು, ಮರೆತುಬಿಡು.
ಅಲ್ಲಾಡಿದರೆ ತಪ್ಪು ನಿನ್ನದು.

ಲಿಂಗರಾಜಪುರದ ಖಾಲಿ ಸೈಟಿನಲ್ಲಿ
ನುಗ್ಗೆಮರಕ್ಕೂ ಜಲ್ಲಿ ರಾಶಿಗೂ ನಡುವೆ
ದಿಮ್ಮಿಗಳ ಮೇಲೆ ಕೂತಿತ್ತು ಯೂಲಾಲಿಯಾ ಮೇಡಂ ದೋಣಿ.
ಇಪ್ಪತ್ತಾರಡಿ. ಕಾರವಾರದಲ್ಲಿ ಕೊಂಡು
ಲಾರಿಯಲ್ಲಿ ಘಟ್ಟ ಹತ್ತಿಸಿ ತಂದಿದ್ದರು.
"ಸಮುದ್ರ ಬಿಟ್ಟು ಇಲ್ಲಿಗ್ಯಾಕೆ ಮೇಡಂ?"
"ಅಲ್ಲಿ ನೀರಿದೆ ಚೌರಪ್ಪ, ಎಸ್.ಪಿ. ರೋಡಿಲ್ಲ."

ಫಿಸಿಕ್ಸ್ ಹೇಳಿಕೊಟ್ಟ ಬಾಯಿ, ಪಾಠ ಶುರುವಾಯಿತು.
ಮುಂದಿನ ತಂತಿ ಮೂತಿಗೆ, ಪಕ್ಕದವು ಪಕ್ಕೆಗೆ,
ಹಿಂದಿನದು ಕಂಬದ ನೆತ್ತಿಯಿಂದ ದೋಣಿಯ ಹಿಂತುದಿಗೆ.
"ಆ ಹಿಂದಿನದು ಬೇಕೆಂದಾಗ ಬಿಗಿಯಾಗಬೇಕು, ಬೇಕೆಂದಾಗ ಸಡಿಲ."
ನಕ್ಕುಬಿಟ್ಟೆ. ಬೇಕೆಂದಾಗ ಸಡಿಲವಾಗೋ ಸ್ಟೇ!
ನಮ್ಮ ಇಲಾಖೆಯಲ್ಲಿ ಅದಕ್ಕೆ ಮೆಮೊ ಕೊಡುತ್ತಿದ್ದರು.

ಹತ್ತೊಂಬತ್ತು ಎಳೆಯ ಸ್ಟೀಲು ತಂತಿ, ಕನ್ನಡಿಯಷ್ಟು ನುಣುಪು.
ಕೆಳಗಿನ ಪಾಲನ್ನು ಕತ್ತರಿಸಿ ಕವಲು ಮಾಡಿದೆವು,
ತಲೆಕೆಳಗಾದ ಕ್ಯಾಟರ್‌ಬಿಲ್ಲಿನ ಹಾಗೆ,
ದೋಣಿಯ ಎರಡು ಮೂಲೆಗೆ ಎರಡು ಕಾಲು.
ಕಾಲುಗಳನ್ನು ಸೇರಿಸಿ ಹಿಂಡಲು ಒಂದು ಜೋಡಿ ರಾಟೆ,
ರಾಟೆಯ ಕೆಳಗೆ ನಾಲ್ಕು ಸುತ್ತಿನ ಹಗ್ಗ.
ಎಳೆದರೆ ಕಾಲು ಹತ್ತಿರ, ತಂತಿ ಬಿಗಿ. ಬಿಟ್ಟರೆ ದೂರ.
ಇಷ್ಟೇ ಉಪಾಯ. ಮೂರು ಶನಿವಾರ ಹಿಡಿದದ್ದು ಯಾಕೆಂದರೆ
ಇಫ್ತಿಕಾರ್ ಅಂಗಡಿಯ ಪಿನ್ನು ಅರ್ಧ ಮಿಲಿ ದಪ್ಪ,
ಮುಂದಿನ ವಾರದ್ದು ಅರ್ಧ ಮಿಲಿ ಸಣ್ಣ,
ಮೂರನೇ ವಾರ ಟೀ ಕುಡಿಸಿ ಮೊದಲಿನದನ್ನೇ ಉಜ್ಜಿ ಕೊಟ್ಟ.

ಕೊನೆಗೆ ನಾನೊಂದು ಹಟ ಹಿಡಿದೆ.
ಜೇಬಿನಲ್ಲಿ ತಂದಿದ್ದೆ ಪಿಂಗಾಣಿ ಮೊಟ್ಟೆ,
ಸ್ಟೇ ನಡುವೆ ಕೂರಿಸುವ ಇನ್ಸುಲೇಟರು.
"ಸಮುದ್ರದಲ್ಲಿ ಲೈನೆಲ್ಲಿ ಚೌರಪ್ಪ?"
ನಾನೇನೂ ಹೇಳಲಿಲ್ಲ.
ತೊಂಬತ್ತೆರಡರಲ್ಲಿ, ಹೆಣ್ಣೂರಿನ ಆಚೆ, ಮಳೆ ನಿಂತ ಮೇಲೆ,
ಮೊಟ್ಟೆಯಿಲ್ಲದ ಸ್ಟೇಗೆ ಬೆನ್ನು ಕೊಟ್ಟು
ಬೀಡಿ ಹಚ್ಚಲು ಹೋದ ಮುನಿಹೊನ್ನ.
ಪಕ್ಕದ ಕಂಬದ ಮೇಲಿದ್ದ ನನಗೆ
ಕಡ್ಡಿ ಗೀರಿದ್ದು ಕೇಳಿಸಿತು.
ಸ್ಟೋರಿನಲ್ಲಿ ಸ್ಟಾಕಿಲ್ಲ ಅಂತ ಮೊಟ್ಟೆ ಬಿಟ್ಟು ಕಟ್ಟಿದ್ದು
ನಾನೇ.

ಮೇಡಂ ಸ್ವಲ್ಪ ಹೊತ್ತು ನನ್ನ ಕೈ ನೋಡಿದರು.
"ಇನ್ನೊಂದಿದೆಯಾ? ಎರಡು ಹಾಕು.
ನಡುವಿನ ತಂತಿ ರೇಡಿಯೋಗೆ ಏರಿಯಲ್ ಆಗುತ್ತೆ."

ಆಷಾಢದ ಒಂದು ಸಂಜೆ ನೆಲದ ಮೇಲೆಯೇ ಹಾಯಿ ಏರಿಸಿದರು.
ಕಾಂಪೌಂಡಿನ ಮೇಲೆ ಬೀದಿಯ ಮಕ್ಕಳೆಲ್ಲ.
ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು ಹಾಯಿ.
"ಎಳಿ," ಅಂದರು. ಎಳೆದೆ.
ನಾಲ್ಕು ಮೊಳ ಹಗ್ಗ ಕೈಗೆ ಬಂತು, ಒಂದು ಮೊಳ ರಾಟೆ ಇಳಿಯಿತು,
ಮತ್ತೆ
ಕಂಬ ಬಾಗಿತು.
ನನ್ನ ಹೊಟ್ಟೆ ಧಸಕ್ಕೆಂದಿತು. ಕೈ ಬಿಡುವುದರಲ್ಲಿದ್ದೆ.
"ಬಿಡಬೇಡ! ಬಾಗಲಿ. ಬಾಗಬೇಕು. ಮೇಲೆ ನೋಡು."
ಪೂರಿ ಇಳಿದು ಚಪಾತಿಯಾಗಿತ್ತು,
ಮುಂದಿನ ತಂತಿ ಸ್ಕೇಲಿಟ್ಟು ಎಳೆದ ಗೆರೆ.
"ಗಾಳಿ ಜೋರಾದರೆ ಹೀಗೆ. ಮೆತ್ತಗಾದರೆ ಬಿಟ್ಟುಕೊಡು."
ದಿಮ್ಮಿಗಳ ಮೇಲೆ ದೋಣಿ ಒಂದು ಸಲ ಕಿರ್ರೆಂದಿತು,
ಮೂರು ಸಾವಿರ ಅಡಿ ಕೆಳಗಿನ ನೀರು
ನೆನಪಾಯಿತೋ ಏನೋ.
ಹಿಡಿದೇ ಇದ್ದೆ. ಹಗ್ಗದೊಳಗಿಂದ ಅಂಗೈಗೆ
ಗಾಳಿಯ ನಾಡಿ ಸಿಗುತ್ತಿತ್ತು.
ಮೂವತ್ತೊಂದು ವರ್ಷದಲ್ಲಿ ಒಂದು ಸ್ಟೇ ಕೂಡ
ನನ್ನ ಹತ್ತಿರ ಮಾತಾಡಿರಲಿಲ್ಲ.

ಗಣೇಶನ ಹಬ್ಬ ಕಳೆದು ಲಾರಿ ಬಂತು.
ಕಂಬ ಮಲಗಿಸುವಾಗ ಬೀದಿ ಲೈನು ಆಫ್ ಮಾಡಿಸಿದೆ,
ಹಳೇ ಪರಿಚಯದ ಮೇಲೆ ಇಪ್ಪತ್ತು ನಿಮಿಷ.
ಸಾಲಲಿಲ್ಲ, ಇನ್ನೂ ಹತ್ತು ಕೇಳಿದೆ.
ಯಾರದೋ ಮಿಕ್ಸಿ ನಿಂತು ಬೈಗುಳ ಬಂತು.
ಮನೆಗೆ ಹೋಗುವಾಗ ತಿರುವಿನ ಕಂಬದ ಬಳಿ ನಿಂತು
ಸ್ಟೇ ಉದ್ದಕ್ಕೂ ಕಣ್ಣು ಹಾಯಿಸಿದೆ.
ಮೊಟ್ಟೆ ಇದೆ.